ಲೆಕ್ಕದ ಮೇಷ್ಟ್ರನ್ನು ಕೇಳಿ: ಟೊಮೆಟೊ ಬಾಕ್ಸ್ ಮತ್ತು ಫಂಕ್ಷನ್

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ. ಎರಡು ಫಂಕ್ಷನ್ ಗುಣಿಸುವುದು, ಒಂದರೊಳಗೆ ಇನ್ನೊಂದನ್ನು ಹಾಕುವುದು, ಎರಡೂ ನನಗೆ ಒಂದೇ ಥರ ಕಾಣುತ್ತವೆ. ಎಫ್(ಜಿ(ಎಕ್ಸ್)) ಕೇಳಿದರೆ ಸುಮ್ನೆ ಗುಣಿಸಿಬಿಡುತ್ತೇನೆ. ನಮ್ಮ ಮನೆಯಲ್ಲಿ ಟೊಮೆಟೊ ಬೆಳೆಯುತ್ತೇವೆ. ಇದೆಲ್ಲ ಅಲ್ಲಿ ಎಲ್ಲಾದರೂ ಉಪಯೋಗಕ್ಕೆ ಬರುತ್ತಾ?
– ವಿದ್ಯಾರ್ಥಿನಿ, ಕೋಲಾರ ತಾಲ್ಲೂಕು

ಉತ್ತರ: ಬರುತ್ತದೆ ಕಣಮ್ಮ, ಪ್ರತಿ ಕೊಯ್ಲಿಗೂ ಬರುತ್ತದೆ. ಫಂಕ್ಷನ್ ಅಂದರೆ ಒಂದು ಅಂಕಿ ಹಾಕಿದರೆ ಇನ್ನೊಂದು ಅಂಕಿ ಕೊಡುವ ನಿಯಮ, ಅಷ್ಟೇ. ಎಫ್, ಜಿ ಸ್ವಲ್ಪ ಹೊತ್ತು ಪಕ್ಕಕ್ಕಿಡು, ನಿಮ್ಮ ತೋಟದ ಹೆಸರುಗಳನ್ನೇ ಇಟ್ಟು ಬರೆಯೋಣ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ. ಬಾಕ್ಸಿಗೆ 15 ಕೆ.ಜಿ. ಹಿಡಿಯುತ್ತದೆ. ಎಷ್ಟು ಕೆ.ಜಿ. ಅಂತ ಕೊಟ್ಟರೆ ಎಷ್ಟು ಬಾಕ್ಸ್ ಅಂತ ಹೇಳುವ ಫಂಕ್ಷನ್ ಹೀಗಿರುತ್ತದೆ: ಬಾಕ್ಸ್(ಕೆ) = ಕೆ ÷ 15. 600 ಕೆ.ಜಿ. ಕಿತ್ತರೆ ಬಾಕ್ಸ್(600) = 40. ಇಲ್ಲಿ ಬ್ರಾಕೆಟ್ ಅಂದರೆ ಗುಣಾಕಾರ ಅಲ್ಲ, '600 ಹಾಕಿದರೆ ಎಷ್ಟು ಬರುತ್ತದೆ' ಅನ್ನುವ ಪ್ರಶ್ನೆ. 1734ರಲ್ಲಿ ಗಣಿತಜ್ಞ ಆಯ್ಲರ್ ಬಳಸಿದ ಬರವಣಿಗೆ ಇದು, ಇವತ್ತಿಗೂ ಹಾಗೇ ಇದೆ.

ಈಗ ಖರ್ಚು. ಗಾಡಿ ಬಾಡಿಗೆ 1200 ರೂಪಾಯಿ, ಎಷ್ಟು ಬಾಕ್ಸ್ ಹಾಕಿದರೂ ಅಷ್ಟೇ. ಕೀಳುವ ಕೂಲಿ, ಹಮಾಲಿ ಸೇರಿ ಬಾಕ್ಸಿಗೆ 40 ಅಂತಿಟ್ಟುಕೋ (ಲೆಕ್ಕಕ್ಕೆಂದು ಹಿಡಿದ ಅಂಕಿ, ನಿಮ್ಮ ಮನೆಯದ್ದನ್ನು ನೀನೇ ಹಾಕಿ ನೋಡು). ಎಷ್ಟು ಬಾಕ್ಸ್ ಅನ್ನುವುದನ್ನು ಬಾ ಅಂದರೆ, ಖರ್ಚು(ಬಾ) = 1200 + 40ಬಾ. ಹರಾಜಿನಲ್ಲಿ ಬಾಕ್ಸಿಗೆ 300 ಸಿಕ್ಕರೆ ಬಿಲ್ಲು(ಬಾ) = 300ಬಾ. ಬಿಲ್ಲಿನಲ್ಲಿ ಖರ್ಚು ಕಳೆದರೆ ಉಳಿಕೆ(ಬಾ) = 260ಬಾ − 1200. 40 ಬಾಕ್ಸಿಗೆ 9200 ರೂಪಾಯಿ ಉಳಿಯಿತು. 4 ಬಾಕ್ಸ್ ಹಾಕಿಕೊಂಡು ಹೋದರೆ 160 ರೂಪಾಯಿ ಕೈಯಿಂದ ಹೋಗುತ್ತದೆ, 5 ಆದರೆ 100 ಉಳಿಯುತ್ತದೆ.

ಇದರಲ್ಲಿ ದರವನ್ನೂ ಬದಲಾಗಲು ಬಿಟ್ಟು ನೋಡು: ಉಳಿಕೆ = (ದರ − 40) × ಬಾ − 1200. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2000 ದಾಟಿತ್ತು, ಆ ದರಕ್ಕೆ ಇದೇ 40 ಬಾಕ್ಸಿನಿಂದ 77,200 ರೂಪಾಯಿ. ದರ 60ಕ್ಕೆ ಬಿದ್ದರೆ ಅದೇ 40 ಬಾಕ್ಸಿಗೆ 400 ರೂಪಾಯಿ ನಷ್ಟ, ಬಾಡಿಗೆ ಹುಟ್ಟಬೇಕಾದರೇ 60 ಬಾಕ್ಸ್ ಬೇಕು. ಇನ್ನೂ ಇಳಿದು 40 ಆಯಿತು ಅಂದರೆ ಬ್ರಾಕೆಟ್ ಸೊನ್ನೆ, ಆಗ ಎಷ್ಟು ಬಾಕ್ಸ್ ಹಾಕಿದರೂ ಬಾಡಿಗೆಯಷ್ಟು ನಷ್ಟ ತಪ್ಪಿದ್ದಲ್ಲ. 40ಕ್ಕಿಂತ ಕೆಳಗೆ ಹೋದರೆ ಒಂದೊಂದು ಬಾಕ್ಸ್ ಜಾಸ್ತಿ ಕಿತ್ತಷ್ಟೂ ನಷ್ಟ ಜಾಸ್ತಿ. ಬೆಲೆ ಬಿದ್ದಾಗ ಹಣ್ಣನ್ನು ಗಿಡದಲ್ಲೇ ಬಿಡುತ್ತಾರಲ್ಲ, ಬೆಳೆದವರಿಗೆ ಸೋಮಾರಿತನ ಅಂತ ಕೆಲವರು ಮಾತಾಡುತ್ತಾರೆ, ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರು ಈ ಬ್ರಾಕೆಟ್ಟನ್ನು ಮನಸ್ಸಿನಲ್ಲೇ ಬಿಡಿಸಿರುತ್ತಾರೆ.

ಇನ್ನು ನಿನ್ನ ಗೊಂದಲ. ಒಂದರೊಳಗೆ ಇನ್ನೊಂದು ಅಂದರೆ ಉಳಿಕೆ(ಬಾಕ್ಸ್(600)). ಮೊದಲು ಒಳಗಿನದು: 600 ಕೆ.ಜಿ. 40 ಬಾಕ್ಸ್ ಆಯಿತು. ದರ ಮೊದಲಿನ 300 ಅಂತಿಟ್ಟರೆ, ಆ 40 ಹೊರಗಿನದರೊಳಗೆ ಹೋಗಿ 9200 ಆಯಿತು. ಗುಣಿಸುವುದು ಬೇರೆ ಕೆಲಸ. ನ ಅನ್ನುವುದು ಎಷ್ಟನೇ ಕೊಯ್ಲು ಅಂತಿಟ್ಟುಕೋ. ಫಸಲು(ನ) = 20 + 5ನ ಬಾಕ್ಸ್, ದರ(ನ) = 400 − 20ನ ರೂಪಾಯಿ. ನಾಲ್ಕನೇ ಕೊಯ್ಲಿಗೆ 40 ಬಾಕ್ಸ್, ದರ 320, ಗುಣಿಸಿದರೆ 12,800. ಎರಡಕ್ಕೂ ಅದೇ 4 ಹೋಯಿತು, ಎರಡೂ ಬೇರೆ ಬೇರೆ ಉತ್ತರ ಕೊಟ್ಟವು, ಆಮೇಲೆ ಗುಣಿಸಿದೆವು. ಅದು ಬಿಟ್ಟು ಫಸಲು(ದರ(4)) ಬರೆದರೆ? ಫಸಲು(320) = 1620 ಬಾಕ್ಸ್. ಅಂದರೆ 320ನೇ ಕೊಯ್ಲು! ಅಷ್ಟು ಕೊಯ್ಲು ಕೊಡುವ ಟೊಮೆಟೊ ಗಿಡ ಎಲ್ಲಿದೆ? ರೂಪಾಯಿಯನ್ನು ತೆಗೆದುಕೊಂಡು ಹೋಗಿ ಕೊಯ್ಲಿನ ಜಾಗದಲ್ಲಿ ಕೂರಿಸಿದ್ದಕ್ಕೆ ಹೀಗಾಯಿತು. ಪರೀಕ್ಷೆಯಲ್ಲಿ ಒಳಗಿನದ್ದರ ಉತ್ತರದ ಪಕ್ಕ ಕೆ.ಜಿ.ಯೋ, ಬಾಕ್ಸೋ, ರೂಪಾಯಿಯೋ ಅಂತ ಪೆನ್ಸಿಲಿನಲ್ಲಿ ಬರೆದುಕೋ, ಹೊರಗಿನದು ಕೇಳುತ್ತಿರುವುದು ಅದನ್ನೇನಾ ಅಂತ ನೋಡು.

ಪ್ರಶ್ನೆ: ನಾನು ಜಮೀನು ಅರ್ಧ ಪಾಲಿಗೆ ಮಾಡುತ್ತೇನೆ. ಬಿಲ್ಲಿನ ದುಡ್ಡಲ್ಲಿ ಗಾಡಿ ಬಾಡಿಗೆ ಕಳೆದು ಪಾಲು ಹಾಕಬೇಕೋ, ಪಾಲು ಹಾಕಿ ನನ್ನ ಭಾಗದಲ್ಲಿ ಕಳೆಯಬೇಕೋ? ಜಮೀನಿನವರು ಎರಡೂ ಒಂದೇ ಅನ್ನುತ್ತಾರೆ.
– ಓದುಗರು, ಮುಳಬಾಗಿಲು

ಉತ್ತರ: ಒಂದೇ ಅಲ್ಲ ಸ್ವಾಮಿ. ಬಿಲ್ಲು 12,000, ಬಾಡಿಗೆ 1200 ಅಂತಿಟ್ಟುಕೊಳ್ಳಿ. ಬಾಡಿಗೆ ಮೊದಲು ಕಳೆದರೆ 10,800, ಅರ್ಧ ಮಾಡಿದರೆ ನಿಮಗೆ 5400. ಮೊದಲು ಅರ್ಧ ಮಾಡಿದರೆ 6000, ಅದರಲ್ಲಿ 1200 ಹೋದರೆ ನಿಮಗೆ 4800. 600 ರೂಪಾಯಿ ವ್ಯತ್ಯಾಸ. ಬಿಲ್ಲು ಒಂದು ಲಕ್ಷ ಆದರೂ ವ್ಯತ್ಯಾಸ ಅದೇ 600, ಯಾಕೆಂದರೆ ಅದು ಬಾಡಿಗೆಯ ಅರ್ಧ. ಎರಡನೇ ದಾರಿಯಲ್ಲಿ ಇಬ್ಬರ ಬಾಡಿಗೆಯನ್ನೂ ನೀವೊಬ್ಬರೇ ಕಟ್ಟುತ್ತಿದ್ದೀರಿ. ಮೇಲಿನ ಹುಡುಗಿಗೆ ಹೇಳಿದ್ದೂ ಇದೇ ಲೆಕ್ಕ: ಯಾವುದು ಒಳಗೆ, ಯಾವುದು ಹೊರಗೆ ಅನ್ನುವುದು ಬದಲಾದರೆ ಉತ್ತರವೂ ಬದಲಾಗುತ್ತದೆ. ಬಾಡಿಗೆ ನಿಮ್ಮದೇ ಅಂತ ಮೊದಲೇ ಮಾತಾಗಿದ್ದರೆ ಬೇರೆ ವಿಷಯ. ಆಗಿಲ್ಲದಿದ್ದರೆ ಮುಂದಿನ ನಾಟಿಗೆ ಮೊದಲೇ ಕೂತು ಮಾತಾಡಿ, 'ಬಾಡಿಗೆ ಕಳೆದ ಮೇಲೆ ಪಾಲು' ಅಂತ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ.