ಸಿರಿಂಜ್ ಪಂಪಿನ ಲೆಕ್ಕ, ಕೌನ್ಸಿಲ್‌ನ ಲೆಕ್ಕ

ಪ್ರಶ್ನೆ: ಬಾಗಲಕೋಟೆ ಕಡೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಜನರಲ್ ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಈಗ ಪುಣೆಯ ಹೊಸ ಆಸ್ಪತ್ರೆಗೆ ಸೇರಿದ ಮೂರೇ ವಾರಕ್ಕೆ ಐಸಿಯುಗೆ ಹಾಕಿದ್ದಾರೆ. ನಾರ್‌ಅಡ್ರಿನಲಿನ್ (ಕುಸಿದ ಬಿಪಿ ಏರಿಸುವ ಔಷಧ) ಪಂಪ್ ಎಂದರೆ ಕೈ ನಡುಗುತ್ತದೆ. ಒಬ್ಬೊಬ್ಬರು ಒಂದೊಂದು ಥರ ಲೋಡ್ ಮಾಡುತ್ತಾರೆ. ಆರು ತಿಂಗಳ ಆನ್‌ಲೈನ್ ‘ಕ್ರಿಟಿಕಲ್ ಕೇರ್ ಫೆಲೋಶಿಪ್’ ಮಾಡಿದರೆ ಸರಿಹೋದೀತೇ?

ಉತ್ತರ: ಕೋರ್ಸಿನ ದುಡ್ಡು ಸದ್ಯ ಕೈಯಲ್ಲೇ ಇರಲಿ. ನಿಮ್ಮ ನಡುಕಕ್ಕೆ ಬೇಕಾದದ್ದು ಒಂದು ಗುಣಾಕಾರ, ಒಂದು ಭಾಗಾಕಾರ.

4 ಮಿ.ಗ್ರಾಂ ಔಷಧವನ್ನು 5% ಡೆಕ್ಸ್ಟ್ರೋಸ್ ಸೇರಿಸಿ ಒಟ್ಟು 50 ಎಂಎಲ್ ಮಾಡಿದಿರಿ ಎನ್ನಿ. 4 ಮಿ.ಗ್ರಾಂ ಎಂದರೆ 4000 ಮೈಕ್ರೋಗ್ರಾಂ. 50ರಿಂದ ಭಾಗಿಸಿದರೆ ಪ್ರತಿ ಎಂಎಲ್‌ಗೆ 80. ರೋಗಿಯ ತೂಕ 60 ಕೆ.ಜಿ., ಆರ್ಡರ್ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ. 0.1 × 60 × 60 = 360 ಮೈಕ್ರೋಗ್ರಾಂ ಗಂಟೆಗೆ. (ಮೊದಲ 60 ತೂಕ, ಎರಡನೆಯದು ನಿಮಿಷ, ಇವೆರಡೂ ಒಂದೇ ಅಂಕಿ ಆದಾಗಲೇ ಹೊಸಬರು ಒಂದನ್ನು ಬಿಟ್ಟುಬಿಡುತ್ತಾರೆ.) 360ನ್ನು 80ರಿಂದ ಭಾಗಿಸಿ: ಗಂಟೆಗೆ 4.5 ಎಂಎಲ್. ಅದೇ 50 ಎಂಎಲ್‌ಗೆ 8 ಮಿ.ಗ್ರಾಂ ಹಾಕುವ ಘಟಕದಲ್ಲಿ ಇದೇ ಡೋಸಿಗೆ 2.25 ಎಂಎಲ್ ಸಾಕು. ಹಳೆಯ ಅಭ್ಯಾಸದಲ್ಲಿ 4.5 ಎಂದು ಒತ್ತಿದರೆ ರೋಗಿಗೆ ಹೋಗುವುದು ದುಪ್ಪಟ್ಟು. ಆದ್ದರಿಂದ ಪಾಳಿ ಬದಲಾಗುವಾಗಿನ ಹ್ಯಾಂಡೋವರಿನಲ್ಲಿ ‘ನಾಲ್ಕೂವರೆಯಲ್ಲಿ ಓಡ್ತಿದೆ’ ಎಂದು ಹೇಳುವುದನ್ನೂ ಕೇಳಿಸಿಕೊಳ್ಳುವುದನ್ನೂ ಬಿಡಿ. ಎಷ್ಟು ಮಿ.ಗ್ರಾಂ ಎಷ್ಟು ಎಂಎಲ್‌ನಲ್ಲಿ, ಕೆ.ಜಿ.ಗೆ ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ — ಇವೆರಡನ್ನೂ ಹೇಳಿ, ಸಿರಿಂಜಿನ ಲೇಬಲ್ ಮೇಲೂ ಬರೆಯಿರಿ.

ಆಂಪೂಲಿನ ಸಣ್ಣ ಅಕ್ಷರವನ್ನೂ ಓದಿ. ನಾರ್‌ಅಡ್ರಿನಲಿನ್ ಬೈಟಾರ್ಟ್ರೇಟ್ 2 ಮಿ.ಗ್ರಾಂ ಎಂದರೆ ಅದರೊಳಗಿನ ನಾರ್‌ಅಡ್ರಿನಲಿನ್ ಸುಮಾರು 1 ಮಿ.ಗ್ರಾಂ ಮಾತ್ರ. ಫಾರ್ಮಸಿಯವರು ಕಂಪನಿ ಬದಲಿಸಿದಾಗ ಒಂದರ ಲೇಬಲ್ ಲವಣದ ತೂಕ ಹೇಳಿ, ಇನ್ನೊಂದು ಮೂಲ ಔಷಧದ ತೂಕ ಹೇಳಿದರೆ, ಪಂಪಿನ ಅಂಕಿ ಅದೇ ಇದ್ದರೂ ಬಿಪಿ ಏಕೆ ಏರಿಳಿಯಿತೆಂದು ಯಾರಿಗೂ ಹೊಳೆಯುವುದಿಲ್ಲ.

ಹೆಚ್ಚು ಅನಾಹುತ ಆಗುವುದು ಸಿರಿಂಜ್ ಬದಲಿಸುವಾಗ. ಈ ಔಷಧದ ಪರಿಣಾಮ ಕೆಲವೇ ನಿಮಿಷದ್ದು. ಸಿರಿಂಜಿನಿಂದ ರೋಗಿಗೆ ಹೋಗುವ ಎಕ್ಸ್‌ಟೆನ್ಶನ್ ಲೈನಿನಲ್ಲಿ 1.5 ಎಂಎಲ್ ಜಾಗವಿದ್ದು, ಅದನ್ನು ಔಷಧದಿಂದ ತುಂಬದೆ ಜೋಡಿಸಿದರೆ, ಗಂಟೆಗೆ 4.5 ಎಂಎಲ್ ವೇಗದಲ್ಲಿ ಮೊದಲ ಹನಿ ರೋಗಿಯನ್ನು ತಲುಪಲು 20 ನಿಮಿಷ ಬೇಕು. ಅಷ್ಟರಲ್ಲಿ ಬಿಪಿ ಕುಸಿದಿರುತ್ತದೆ. ಹಳೆಯ ಸಿರಿಂಜಿನಲ್ಲಿ ಸ್ವಲ್ಪ ಉಳಿದಿರುವಾಗಲೇ ಎರಡನೇ ಪಂಪಿನಲ್ಲಿ ಹೊಸದನ್ನು ಹಾಕಿ, ಲೈನ್ ತುಂಬಿಸಿ, ರೋಗಿಗೆ ಜೋಡಿಸುವ ಮೊದಲೇ ಪಂಪ್ ಓಡಿಸಿ ತುದಿಯಲ್ಲಿ ಹನಿ ಬೀಳುವುದನ್ನು ನೋಡಿ. ಪ್ಲಂಜರ್ ಮತ್ತು ಪಂಪಿನ ಹಿಡಿತದ ನಡುವಿನ ಸಡಿಲ ಆಗ ಹೋಗುತ್ತದೆ. ಆಮೇಲೆ ನಿಮ್ಮ ಘಟಕದ ಪ್ರೋಟೋಕಾಲಿನಂತೆ ಜೋಡಿಸಿ, ಬಿಪಿ ನೋಡುತ್ತಾ ಹಳೆಯದನ್ನು ಇಳಿಸಿ. ಮೊದಲ ಕೆಲವು ಸಲ ಸೀನಿಯರ್ ಸಿಸ್ಟರ್ ಪಕ್ಕದಲ್ಲಿರಲಿ.

ಆಕ್ಲೂಷನ್ ಅಲಾರ್ಮ್ (ಲೈನ್ ಕಟ್ಟಿಕೊಂಡಿದೆ ಎಂಬ ಎಚ್ಚರಿಕೆ) ಹೊಡೆದರೆ ಅವಸರದಲ್ಲಿ ಕ್ಲಾಂಪ್ ತೆಗೆಯಬೇಡಿ. ಒಳಗೆ ಕಟ್ಟಿಕೊಂಡ ಒತ್ತಡ ಔಷಧವನ್ನು ಒಂದೇ ಸಲ ಬೋಲಸ್ ಆಗಿ, ಅಂದರೆ ಒಟ್ಟಿಗೆ, ರೋಗಿಯೊಳಗೆ ತಳ್ಳುತ್ತದೆ. ರೋಗಿಯ ಕಡೆಯ ಸ್ಟಾಪ್‌ಕಾಕ್ ಮುಚ್ಚಿ, ಸಿರಿಂಜ್ ಕಡೆಯಿಂದ ಒತ್ತಡ ಬಿಟ್ಟು, ಮತ್ತೆ ಶುರು ಮಾಡಿ. ಆ ಲೈನಿನಲ್ಲಿ ಬೇರೆ ಯಾವ ಇಂಜೆಕ್ಷನ್ನನ್ನೂ ಫ್ಲಶ್ ಮಾಡಬಾರದು, ಕಾರಣವೂ ಇದೇ. ಔಷಧ ಹೋಗುವುದು ಸೆಂಟ್ರಲ್ ಲೈನಿನಲ್ಲಿದ್ದರೆ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಒಳ್ಳೆಯದು. ಕೈಯ ಕ್ಯಾನುಲಾದಲ್ಲಿದ್ದರೆ ಆ ಜಾಗವನ್ನು ಬಟ್ಟೆಯಿಂದ ಮುಚ್ಚದೆ ಪದೇ ಪದೇ ನೋಡಿ. ಚರ್ಮ ಬಿಳಚಿ ತಣ್ಣಗಾಗಿದ್ದರೆ ಔಷಧ ಹೊರಗೆ ಸೋರುತ್ತಿದೆ ಎಂದೇ ತಿಳಿದು ತಕ್ಷಣ ಡಾಕ್ಟರನ್ನು ಕರೆಯಿರಿ.

ಇನ್ನು ಕೋರ್ಸ್. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಪಠ್ಯಕ್ರಮದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಒಂದು ವರ್ಷದ್ದು. ಕ್ರಿಟಿಕಲ್ ಕೇರ್, ಎಮರ್ಜೆನ್ಸಿ, ಆಂಕಾಲಜಿ, ನಿಯೋನೇಟಲ್, ಆಪರೇಷನ್ ರೂಮ್ ಹೀಗೆ ಬೇರೆಬೇರೆ ಇವೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ) ಆದವರೂ ಸೇರಬಹುದು. ನೋಂದಣಿ ಮತ್ತು ಒಂದು ವರ್ಷದ ಕ್ಲಿನಿಕಲ್ ಅನುಭವ ಬೇಕು. ನೀವು ಬಿ.ಎಸ್ಸಿ. ಆಗಿರುವುದರಿಂದ ಎರಡು ವರ್ಷದ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಸ್ನಾತಕೋತ್ತರ ಕೋರ್ಸಿನ ದಾರಿಯೂ ಇದೆ. ಎರಡೂ ಆಸ್ಪತ್ರೆಯಲ್ಲೇ ಪೂರ್ಣಾವಧಿ ಇದ್ದು ಕಲಿಯುವಂಥವು, ರಜೆಯ ದಿನ ಮೊಬೈಲಿನಲ್ಲಿ ಮುಗಿಸುವಂಥವಲ್ಲ. ಫೆಲೋಶಿಪ್ ಮಾರುವವರಿಗೆ ಎರಡು ಪ್ರಶ್ನೆ ಕೇಳಿ: ಇದೇ ಕೋರ್ಸಿಗೆ, ಇದೇ ವರ್ಷಕ್ಕೆ ಕೌನ್ಸಿಲ್ ಕೊಟ್ಟ ಅನುಮತಿ ಪತ್ರ ತೋರಿಸುತ್ತೀರಾ? ಪಾಸಾದ ಮೇಲೆ ಅದು ರಾಜ್ಯ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆಯಾಗಿ ದಾಖಲಾಗುತ್ತದೆಯೇ? ಉತ್ತರ ಸುತ್ತಿ ಬಳಸಿ ಬಂದರೆ ಫೋನ್ ಇಡಿ. ಆರು ತಿಂಗಳು ಐಸಿಯುನಲ್ಲಿ ಪಳಗಿ ಆಮೇಲೆ ಡಿಪ್ಲೊಮಾಗೆ ಹೋದವರು ಅದರಿಂದ ಪಡೆಯುವುದೇ ಬೇರೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ. ಜಿಎನ್‌ಎಂ ಮಾಡಿದ್ದು ಉಡುಪಿಯಲ್ಲಿ, ಕರ್ನಾಟಕದ ನೋಂದಣಿ ಇದೆ; ಮದುವೆಯ ನಂತರ ಮಹಾರಾಷ್ಟ್ರ ಕೌನ್ಸಿಲ್‌ನಲ್ಲೂ ಮಾಡಿಸಿದೆ. ರಿನ್ಯೂವಲ್‌ಗೆ 14 ತಿಂಗಳಿದೆ, ಅದಕ್ಕೆ ಬೇಕಾದ ಮುಂದುವರಿದ ಕಲಿಕೆಯ ಕ್ರೆಡಿಟ್ ಅವರ್ 64 ಮಾತ್ರ. ಆಸ್ಪತ್ರೆಯ ಒಳಗೆ ನಡೆದ ಕ್ಲಾಸುಗಳಿಗೆ ಬಹಳ ಹಾಜರಾಗಿದ್ದೇನೆ. ಅವು ಲೆಕ್ಕಕ್ಕಿಲ್ಲವೇ?

ಉತ್ತರ: ಕ್ಲಾಸಿಗೆ ಕೌನ್ಸಿಲ್‌ನಿಂದ ಮೊದಲೇ ಮಾನ್ಯತೆ ಪಡೆದಿದ್ದರೆ ಲೆಕ್ಕಕ್ಕಿದೆ, ಬರೀ ಹಾಜರಿ ಪುಸ್ತಕದ ಸಹಿ ಆದರೆ ಇಲ್ಲ. ಪ್ರಮಾಣಪತ್ರದಲ್ಲಿ ಗಂಟೆಗಳ ಸಂಖ್ಯೆಯೂ ಕೌನ್ಸಿಲ್‌ನ ಮಾನ್ಯತೆಯ ಉಲ್ಲೇಖವೂ ಇದೆಯೇ ನೋಡಿ. ಐದು ವರ್ಷಕ್ಕೆ 150 ಗಂಟೆ, ಅಂದರೆ ವರ್ಷಕ್ಕೆ 30ರ ಲೆಕ್ಕದಲ್ಲಿ ನಿಮಗೆ ಇನ್ನೂ 86 ಬೇಕು. ತಿಂಗಳಿಗೆ ಆರು ಗಂಟೆಗೆ ಸ್ವಲ್ಪ ಮೇಲೆ. ಕೊನೆಯ ಎರಡು ತಿಂಗಳನ್ನು ಲೆಕ್ಕದಿಂದ ಬಿಡಿ: ಆಗ ಎಲ್ಲರೂ ಮುಗಿಬಿದ್ದು ಸೀಟು ಸಿಗುವುದಿಲ್ಲ, ಮೇಟ್ರನ್ ರಜೆಯನ್ನೂ ಕೊಡುವುದಿಲ್ಲ. ನಿಮ್ಮ ಟ್ರೇನಿಂಗ್ ವಿಭಾಗದವರಿಗೆ ಒಂದು ಸಲಹೆ ಕೊಡಿ: ಹೇಗೂ ನಡೆಸುವ ಕ್ಲಾಸುಗಳಿಗೆ ಮುಂದೆ ಮಾನ್ಯತೆಗೆ ಅರ್ಜಿ ಹಾಕಲಿ. ಕೆಲಸ ಅವರದು, ಲಾಭ ಇಡೀ ಸ್ಟಾಫಿಗೆ.

ನೀವು ಕೇಳದ ಒಂದು ವಿಷಯ. ನಮ್ಮ ಕಡೆ ಹೆಸರಿಗೆ ಇನಿಷಿಯಲ್. ಇಲ್ಲಿನ ಅರ್ಜಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ನೋಂದಣಿಯಲ್ಲಿ ಗಂಡನ ಮನೆಯ ಹೆಸರು ಇದ್ದರೆ ರಾಷ್ಟ್ರೀಯ ನರ್ಸ್ ನೋಂದಣಿ ವ್ಯವಸ್ಥೆಯಲ್ಲಿ ವಿವರ ಹೊಂದದೆ ಅರ್ಜಿ ಅಲ್ಲೇ ನಿಲ್ಲಬಹುದು. ಕಾರ್ಯಾಗಾರದ ಫಾರ್ಮ್ ತುಂಬುವಾಗ ನೋಂದಣಿಯಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ. ಹೆಸರು ತಿದ್ದಿಸುವುದಿದ್ದರೆ ರಿನ್ಯೂವಲ್‌ಗೆ ಕಾಯದೆ ಈಗಲೇ ಶುರುಮಾಡಿ.

ಪ್ರಶ್ನೆ: ಕಾರವಾರದವನು, ಗೋವಾದಲ್ಲಿ ಎಮರ್ಜೆನ್ಸಿ ವಿಭಾಗದ ಬ್ರದರ್ (ಪುರುಷ ನರ್ಸ್). ಎಸಿಎಲ್‌ಎಸ್‌ನ (ಹೃದಯ ನಿಂತವರನ್ನು ಉಳಿಸುವ ತರಬೇತಿ) ಲಿಖಿತ ಪರೀಕ್ಷೆ ಪಾಸಾಯಿತು, ತಂಡ ನಡೆಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಮೆಗಾಕೋಡ್‌ನಲ್ಲಿ ಫೇಲ್. ಔಷಧಗಳೆಲ್ಲ ಬಾಯಿಪಾಠ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಬಹುಶಃ ಔಷಧದಲ್ಲಲ್ಲ, ಎದೆ ಒತ್ತುವುದರ ನಡುವಿನ ಬಿಡುವಿನಲ್ಲಿ. ಶಾಕ್ ಕೊಟ್ಟ ಕೂಡಲೇ ಕಣ್ಣು ಮಾನಿಟರಿಗೆ ಹೋಗುತ್ತದೆ, ಕೈ ನಾಡಿಗೆ. ಎರಡೂ ತಪ್ಪು. ಶಾಕ್ ಆದ ತಕ್ಷಣ ಮತ್ತೆ ಎರಡು ನಿಮಿಷ ಒತ್ತಬೇಕು, ರಿದಂ (ಹೃದಯ ಬಡಿತದ ಲಯ) ನೋಡುವುದು ಆಮೇಲೆ, ಅದೂ 10 ಸೆಕೆಂಡಿನೊಳಗೆ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ. ಶಾಕ್ ಕೊಡುವ ಯಂತ್ರ ಡಿಫಿಬ್ರಿಲೇಟರ್ ಚಾರ್ಜ್ ಆಗುವಾಗಲೂ ಒತ್ತುತ್ತಲೇ ಇರಬೇಕು.

ಎರಡನೆಯ ಎಡವಟ್ಟು, ಅಸಿಸ್ಟೊಲಿಗೋ (ಮಾನಿಟರಿನಲ್ಲಿ ಗೆರೆ ಚಪ್ಪಟೆ) ಪಿಇಎಗೋ (ಗೆರೆ ಇದ್ದರೂ ನಾಡಿ ಇಲ್ಲ) ಶಾಕ್ ಕೊಡಲು ಹೋಗುವುದು. ಅಲ್ಲಿ ಅಡ್ರಿನಲಿನ್ 1 ಮಿ.ಗ್ರಾಂ ಆದಷ್ಟು ಬೇಗ, ಬಳಿಕ 3ರಿಂದ 5 ನಿಮಿಷಕ್ಕೊಮ್ಮೆ. ವಿಎಫ್‌ನಲ್ಲಾದರೆ (ಹೃದಯ ಬಡಿಯದೆ ಬರೀ ಅದುರುವುದು) ಎರಡನೇ ಶಾಕ್ ಆದ ಮೇಲೆ ಅಡ್ರಿನಲಿನ್, ಮೂರನೆಯದಾದ ಮೇಲೆ ಲಯ ಸರಿಪಡಿಸುವ ಅಮಿಯೊಡರೋನ್ 300 ಮಿ.ಗ್ರಾಂ, ಮತ್ತೆ ಬೇಕಾದರೆ 150. ಬಾಯಿಪಾಠ ಇದ್ದವರೂ ಈ ಸರದಿಯಲ್ಲಿ ತಪ್ಪುವುದು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡದ್ದರಿಂದ. ಇಬ್ಬರು ಸೇರಿ, ಫೋನಿನಲ್ಲಿ ಎರಡು ನಿಮಿಷದ ಟೈಮರ್ ಇಟ್ಟು, ದಿಂಬಿನ ಮೇಲೆ ಒತ್ತುತ್ತಾ ಒಬ್ಬರು ಲೀಡರ್ ಆಗಿ ಗಟ್ಟಿಯಾಗಿ ಹೇಳಿ. ‘ಯಾರಾದರೂ ಅಡ್ರಿನಲಿನ್ ಕೊಡಿ’ ಎಂದರೆ ಯಾರೂ ಕೊಡುವುದಿಲ್ಲ. ಹೆಸರು ಹಿಡಿದು ಹೇಳಬೇಕು, ಕೊಟ್ಟವರು ‘ಕೊಟ್ಟಾಯ್ತು’ ಎಂದು ಸಮಯ ಸಮೇತ ತಿರುಗಿ ಹೇಳಬೇಕು. ಈ ಕಾರ್ಡಿನ ಅವಧಿ ಎರಡೇ ವರ್ಷ ಎಂಬುದು ನೆನಪಿರಲಿ.

ಪ್ರಶ್ನೆ: ಮುಂಬೈಯಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸ್. ಆಂಕಾಲಜಿ ಡಿಪ್ಲೊಮಾಗೆ ಆಸ್ಪತ್ರೆಯೇ ಕಳಿಸುತ್ತದಂತೆ. ಬದಲಿಗೆ ಮೂರು ವರ್ಷದ ಬಾಂಡ್, ಮೂಲ ಪ್ರಮಾಣಪತ್ರ ಅವರ ಬಳಿ. ಒಪ್ಪಬಹುದೇ?

ಉತ್ತರ: ಬಾಂಡ್ ಒಪ್ಪಬಹುದು, ಮೂಲ ಪ್ರಮಾಣಪತ್ರ ಕೊಡಬೇಡಿ. ದೃಢೀಕರಿಸಿದ ನಕಲು ಅವರಿಗೆ ಸಾಕು. ಬಾಂಡಿನಲ್ಲಿ ಮೂರು ಸಂಗತಿ ಬರೆಸಿಕೊಳ್ಳಿ: ಕಲಿಯುವ ವರ್ಷ ಸಂಬಳ ಪೂರ್ತಿಯೋ ಸ್ಟೈಪೆಂಡೋ, ಮೂರು ವರ್ಷ ಎಣಿಸುವುದು ಕೋರ್ಸ್ ಸೇರಿದ ದಿನದಿಂದಲೋ ಮುಗಿದ ದಿನದಿಂದಲೋ, ನಡುವೆ ಬಿಟ್ಟರೆ ಕಟ್ಟುವ ಮೊತ್ತ ದುಡಿದಷ್ಟು ತಿಂಗಳಿಗೆ ತಕ್ಕಂತೆ ಇಳಿಯುತ್ತದೆಯೋ ಇಲ್ಲವೋ. 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತವೇ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರವನ್ನಷ್ಟೇ ನ್ಯಾಯಾಲಯ ಕೊಡಿಸುತ್ತದೆ. ಪರೇಲಿನ ಟಾಟಾ ಮೆಮೋರಿಯಲ್‌ನಂಥ ಕಡೆ ಕಲಿತ ನರ್ಸಿಗೆ ಬೇಡಿಕೆ ಇದ್ದೇ ಇರುತ್ತದೆ, ಆದ್ದರಿಂದ ಸಹಿ ಹಾಕುವ ಮುನ್ನ ಚೌಕಾಸಿಗೆ ಹಿಂಜರಿಯಬೇಡಿ. ಪ್ರಮಾಣಪತ್ರ ಈಗಾಗಲೇ ಕೊಟ್ಟಾಗಿದ್ದರೆ ಯಾವ್ಯಾವುದು, ಯಾವ ದಿನ ಎಂದು ಸಹಿ ಮೊಹರಿನ ರಸೀದಿ ಇವತ್ತೇ ಕೇಳಿ.