ಕೌಂಟರ್ ಊಟದ ಬುಕಿಂಗ್ ರದ್ದಾದುದಕ್ಕೆ ಕಾರಣ ಚೀಸ್ ಇರಬಹುದು

ಬಾಣಸಿಗರ ಎದುರೇ ಕುಳಿತು ಉಣ್ಣುವ, ಎಂಟೇ ಆಸನಗಳ ಇಟಾಲಿಯನ್ ಕೌಂಟರಿನಲ್ಲಿ ‘ಶುದ್ಧ ಸಸ್ಯಾಹಾರ’ ಎಂದು ಷರಾ ಬರೆದ ಮೇಲೆ ನಿಮ್ಮ ಬುಕಿಂಗ್ ರದ್ದಾಗಿರುವುದಕ್ಕೆ ಕಾರಣ ಬಹುಶಃ ಮಾಂಸವಲ್ಲ, ಚೀಸ್. ಪಾರ್ಮಿಜಾನೊ ರೆಜ್ಜಾನೊ ಎಂಬ ಇಟಾಲಿಯನ್ ಚೀಸ್ ತಯಾರಿಸಲು ಕರುವಿನ ಜಠರದ ರೆನೆಟ್ (ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವ) ಬಳಸಬೇಕೆಂಬುದು ಅದರ ನಿಯಮ. ಪೆಕೊರಿನೊ ರೊಮಾನೊ ಎಂಬ ಇನ್ನೊಂದು ಚೀಸ್‌ಗೆ ಕುರಿಮರಿಯದು. ಎಲ್ಲರಿಗೂ ಒಂದೇ ಕ್ರಮದ ಊಟವನ್ನು ಒಂದೇ ಹೊತ್ತಿಗೆ ಬಡಿಸುವ ಪುಟ್ಟ ಅಡುಗೆಮನೆಯು, ಇವೆರಡನ್ನೂ ಬಿಟ್ಟು ಒಬ್ಬರಿಗಾಗಿ ಬೇರೆ ಅಡುಗೆ ಮಾಡಲು ಹಿಂಜರಿಯುವುದು ಸಹಜ.

ಮೊದಲು ನಿಮ್ಮ ಮಿತಿಯನ್ನು ನೀವೇ ಸ್ಪಷ್ಟಪಡಿಸಿಕೊಳ್ಳಿ: ರೆನೆಟ್ ಮಾತ್ರ ಆಗದೋ, ಮೊಟ್ಟೆಯೂ ಆಗದೋ? ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಗೋಧಿ ರವೆ ಮತ್ತು ನೀರಿನಿಂದ ಮಾಡಿದ ಒಣ ಪಾಸ್ತಾದಲ್ಲಿ ಇರುವುದಿಲ್ಲ. ಬಳಿಕ, ಮತ್ತೆ ಬುಕ್ ಮಾಡುವ ಮೊದಲೇ, ಅಡುಗೆಯ ಭರಾಟೆಯಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ಕರೆ ಮಾಡಿ, ರಿಸೊಟ್ಟೊ ಎಂಬ ಅನ್ನದ ಖಾದ್ಯಕ್ಕೆ ಬಳಸುವ ಸಾರು ಮಾಂಸದ್ದೇ, ಸಾಸ್‌ಗಳಲ್ಲಿ ಆಂಚೊವಿ ಮೀನು ಇದೆಯೇ, ಪನ್ನಾ ಕೊಟ್ಟಾ ಎಂಬ ಕೆನೆಯ ಸಿಹಿಗೆ ಪ್ರಾಣಿಜನ್ಯ ಜೆಲಾಟಿನ್ ಹಾಕುತ್ತಾರೆಯೇ ಎಂದು ವಿಚಾರಿಸಿ. ‘ಸಸ್ಯಾಹಾರಿ’ ಎಂಬ ಒಂದೇ ಪದಕ್ಕಿಂತ ಈ ಪ್ರಶ್ನೆಗಳಿಗೆ ಖಚಿತ ಉತ್ತರ ಸಿಗುತ್ತದೆ. ಚೀಸ್ ಬದಲು ಎಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಉದುರಿಸಿದರೆ ಸಾಕೆಂದು ನೀವೇ ಸೂಚಿಸಬಹುದು. ದಕ್ಷಿಣ ಇಟಲಿಯಲ್ಲಿ ಅದು ಹಳೆಯ ರೂಢಿಯಾದ್ದರಿಂದ ಬಾಣಸಿಗರಿಗೆ ವಿಚಿತ್ರವೆನಿಸದು.

ಅವರು ಒಪ್ಪಿದರೆ ಅದನ್ನು ಇಮೇಲ್‌ನಲ್ಲಿ ಬರೆಸಿಕೊಂಡು, ಹಣ ಹಿಂದಿರುಗಿಸುವ ಕೊನೆಯ ದಿನವನ್ನೂ ಕೇಳಿ ತಿಳಿದುಕೊಂಡು, ಆನಂತರವೇ ಮುಂಗಡ ಪಾವತಿಸಿ. ಒಪ್ಪದಿದ್ದರೆ ಒತ್ತಾಯಿಸದೆ, ಬೇಕಾದ ತಿನಿಸನ್ನು ಆಯ್ದುಕೊಳ್ಳಬಹುದಾದ ಬೇರೊಂದು ರೆಸ್ಟೋರೆಂಟ್ ಹುಡುಕುವುದು ಲೇಸು.