ವಿಸ್ಕಾನ್ಸಿನ್ ಲೆಕ್ಕ ಹಾಸನದ ಹೊಲಕ್ಕೆ ಹೊಂದುತ್ತದೆಯೇ?

ಈ ಸಲದ ನಾಲ್ಕು ಪ್ರಶ್ನೆಗಳೂ ಅಮೆರಿಕದ ಒಂದೇ ವಿಶ್ವವಿದ್ಯಾಲಯದ ಸುತ್ತ ಇವೆ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿರುವ ಈ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1848ರಲ್ಲಿ ಶುರುವಾದ ದೊಡ್ಡ ಸರ್ಕಾರಿ ಸಂಶೋಧನಾ ವಿಶ್ವವಿದ್ಯಾಲಯ. ಆಲೂಗಡ್ಡೆ, ಹಾಲು ಎರಡೂ ಆ ರಾಜ್ಯದ ರೈತರ ಬದುಕು. ಹಾಸನದವರು ಅಲ್ಲಿನ ಸುದ್ದಿಗೆ ಕಿವಿಗೊಡುವುದು ಸಹಜವೇ.

ಹವಾಮಾನದ ಲೆಕ್ಕ ಹಾಕಿ ಆಲೂಗಡ್ಡೆಯ ಅಂಗಮಾರಿ ರೋಗವನ್ನು ಅಲ್ಲಿ ಮೊದಲೇ ಹೇಳುತ್ತಾರಂತೆ. ನಮ್ಮ ಹೊಲದಲ್ಲೂ ಅದು ಸಾಧ್ಯವೇ? ಔಷಧಿ ಖರ್ಚು ಉಳಿಯುತ್ತದೆಯೇ? – ಶಾಂತಿಗ್ರಾಮ

ಲೆಕ್ಕ ಖಂಡಿತ ಹಾಕಬಹುದು. ಆದರೆ ಮುಂಗಾರಿನಲ್ಲಿ ಖರ್ಚು ಬಹಳ ಉಳಿಯುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಈ ಲೆಕ್ಕದ ಬುಡ ವಿಸ್ಕಾನ್ಸಿನ್‌ನದಲ್ಲ. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಬ್ಲೈಟ್‌ಕಾಸ್ಟ್ ಎಂಬ ಹೆಸರಿನಲ್ಲಿ ಇದಕ್ಕೆ ರೂಪ ಕೊಟ್ಟರು. ವಿಸ್ಕಾನ್ಸಿನ್‌ನವರು ಅದನ್ನು ತಮ್ಮ ರೈತರಿಗಾಗಿ ಬೆಳೆಯ ಕಾಲದುದ್ದಕ್ಕೂ ನಡೆಸಿಕೊಂಡು ಬಂದಿದ್ದಾರೆ. ದಿನದಲ್ಲಿ ಎಷ್ಟು ಗಂಟೆ ಗಾಳಿಯ ತೇವಾಂಶ ಶೇ 90 ಅಥವಾ ಹೆಚ್ಚು ಇತ್ತು, ಆ ಗಂಟೆಗಳಲ್ಲಿ ಸರಾಸರಿ ಉಷ್ಣಾಂಶ ಎಷ್ಟಿತ್ತು, ಇವೆರಡನ್ನು ನೋಡಿ ಆ ದಿನಕ್ಕೆ ಅಂಕ ಕೊಡುವುದು. ಉಷ್ಣಾಂಶ 15ರಿಂದ 26 ಡಿಗ್ರಿ ನಡುವೆ ಇದ್ದರೆ, ಹಾಸನದ ಮುಂಗಾರಿನಲ್ಲಿ ಬಹುಪಾಲು ಹಾಗೇ ಇರುತ್ತದೆ, 10ರಿಂದ 12 ಗಂಟೆಗೆ 1 ಅಂಕ, 13ರಿಂದ 15ಕ್ಕೆ 2, 16ರಿಂದ 18ಕ್ಕೆ 3, 19 ಅಥವಾ ಹೆಚ್ಚು ಗಂಟೆಗೆ 4. ಒಂಬತ್ತು ಗಂಟೆಯೊಳಗಿದ್ದರೆ ಸೊನ್ನೆ. ಅರ್ಧದಷ್ಟು ಗಿಡ ಮೊಳೆತು ಮೇಲೆ ಬಂದ ದಿನದಿಂದ ಕೂಡಿಸುತ್ತಾ ಹೋಗಿ, ಒಟ್ಟು 18 ಆಗುವ ಹೊತ್ತಿಗೆ ಮೊದಲ ಸಿಂಪರಣೆ ಮುಗಿದಿರಬೇಕು.

ಈಗ ನಮ್ಮ ಕಡೆ ನೋಡಿ. ಜೂನ್-ಜುಲೈನಲ್ಲಿ ಸೋನೆ ಹಿಡಿದು ಮೋಡ ಬಿಡದಿದ್ದರೆ ದಿನಕ್ಕೆ 4 ಅಂಕ ಬಂದು, ಐದೇ ದಿನದಲ್ಲಿ 18 ದಾಟುತ್ತದೆ. ವಿಸ್ಕಾನ್ಸಿನ್‌ನ ಆಲೂಗಡ್ಡೆ ಹೆಚ್ಚಾಗಿ ಮರಳು ನೆಲದಲ್ಲಿ, ತುಂತುರು ನೀರಾವರಿಯಲ್ಲಿ ಬೆಳೆಯುತ್ತದೆ; ಮಳೆಯಿಲ್ಲದ ವಾರಗಳಲ್ಲಿ ಅಂಕ ನಿಧಾನ ಏರುತ್ತದೆ, ಸಿಂಪರಣೆಯನ್ನು ಮುಂದೂಡಬಹುದು. ಹಾಸನದಲ್ಲಿ ಈ ಲೆಕ್ಕ ಪ್ರಯೋಜನಕ್ಕೆ ಬರುವುದು ಮಳೆ ಬಿಡುವು ಕೊಟ್ಟ ಹತ್ತು-ಹದಿನೈದು ದಿನಗಳಲ್ಲಿ, ಹಾಗೂ ಹಿಂಗಾರು ಬೆಳೆಯಲ್ಲಿ. ಆಗ ಕ್ಯಾಲೆಂಡರ್ ನೋಡಿ ಹೊಡೆಯುವ ಒಂದೆರಡು ಸಿಂಪರಣೆ ತಪ್ಪೀತು. ಜಡಿಮಳೆಯಲ್ಲಿ ಅದು ಹೇಳುವುದು ಒಂದೇ ಮಾತು: ಎಲೆ ಮೇಲೆ ಕಲೆ ಕಾಣುವವರೆಗೆ ಕಾಯಬೇಡಿ.

ಅಳತೆ ತಪ್ಪಿದರೆ ಲೆಕ್ಕವೂ ತಪ್ಪು. ಉಷ್ಣಾಂಶ-ತೇವಾಂಶ ಎರಡನ್ನೂ ಗಂಟೆಗಂಟೆಗೆ ದಾಖಲಿಸುವ ಪುಟ್ಟ ಡಿಜಿಟಲ್ ಲಾಗರ್ ಸಾಕು. ಅದನ್ನು ಮನೆ ಗೋಡೆಗೆ ತೂಗುಹಾಕಿದರೆ ಪ್ರಯೋಜನವಿಲ್ಲ. ಹೊಲದ ನಡುವೆ, ಗಿಡದ ಎತ್ತರದಲ್ಲಿ, ಬಿಸಿಲು-ಮಳೆ ನೇರ ತಾಗದಂತೆ, ಆದರೆ ಗಾಳಿ ಆಡುವಂತೆ ಕಟ್ಟಿ. ಅಗ್ಗದ ಮಾಪಕಗಳು ಶೇ 90ರ ಆಸುಪಾಸಿನಲ್ಲೇ ಹೆಚ್ಚು ಎಡವುತ್ತವೆ. ಪರೀಕ್ಷೆ ಸುಲಭ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ, ಮಾಪಕದ ಜೊತೆ ಗಾಳಿ ಹೋಗದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. 70 ತೋರಿಸಿದರೆ ಐದು ಕೂಡಿಸಿ ಓದಿ.

ಸಿಂಪರಣೆಯಲ್ಲಿ ಆಗುವ ದೊಡ್ಡ ತಪ್ಪೆಂದರೆ ಅಂಗಮಾರಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹೊಡೆಯುವುದು. ಈ ರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ನೀರಿನ ಪಾಚಿಗಳಿಗೆ ಹತ್ತಿರದ ಬೇರೆಯೇ ಜೀವಿ. ಕಾರ್ಬೆಂಡಜಿಮ್ ಅದಕ್ಕೆ ತಾಗುವುದೇ ಇಲ್ಲ; ದುಡ್ಡೂ ಹೋಯಿತು, ವಾರವೂ ಹೋಯಿತು. ರೋಗ ಬರುವ ಮುನ್ನ ಮ್ಯಾಂಕೋಜೆಬ್, ಲೀಟರಿಗೆ 2ರಿಂದ 2.5 ಗ್ರಾಂ. ಕಲೆ ಕಂಡ ಮೇಲೆ ಸೈಮೊಕ್ಸಾನಿಲ್-ಮ್ಯಾಂಕೋಜೆಬ್ ಮಿಶ್ರಣ, ಲೀಟರಿಗೆ 3 ಗ್ರಾಂ. ಗಿಡದೊಳಗೆ ಇಳಿದು ಹರಡುವ ಒಂದೇ ಅಂತರ್ವ್ಯಾಪಿ ಔಷಧಿಯನ್ನು ಸಾಲಾಗಿ ಬಳಸಬೇಡಿ, ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಬಿಳಿ ಬೂಷ್ಟು ಇರುವುದು ಎಲೆಯ ಅಡಿಯಲ್ಲಿ, ನಾಜಲ್ ಅಲ್ಲಿಗೆ ತಿರುಗಲಿ. ಬೆಳೆದ ಬೆಳೆಗೆ ಎಕರೆಗೆ 200 ಲೀಟರಿಗಿಂತ ಕಡಿಮೆ ನೀರಾದರೆ ಅಡಿಯೆಲೆ ನೆನೆಯುವುದಿಲ್ಲ.

ಇನ್ನೊಂದು ಮಾತು, ಇದು ಎರಡೂ ಊರಿಗೆ ಸಮ. ಕೊಳೆತ ಬಿತ್ತನೆ ಗಡ್ಡೆಯನ್ನು ಬದುವಿನ ಮೇಲೆ ಸುರಿಯಬೇಡಿ. ಅಲ್ಲಿ ಮೊಳೆತ ಗಿಡದಿಂದಲೇ ರೋಗ ಇಡೀ ಬಯಲಿಗೆ ಹಬ್ಬುತ್ತದೆ. ಎರಡಡಿ ಆಳದಲ್ಲಿ ಹೂತುಬಿಡಿ.

ಕಾಡು ಆಲೂಗಡ್ಡೆಯಲ್ಲಿ ಅಂಗಮಾರಿ ತಡೆಯುವ ವಂಶವಾಹಿ ಅಲ್ಲಿ ಸಿಕ್ಕಿದೆ ಎನ್ನುತ್ತಾರೆ. ಆ ಬಿತ್ತನೆ ನಮಗೇಕೆ ಬಂದಿಲ್ಲ? – ಅರಕಲಗೂಡು

ಸಿಕ್ಕಿದ್ದು ನಿಜ. ಮೆಕ್ಸಿಕೊ ಕಡೆಯ ಸೊಲಾನಮ್ ಬಲ್ಬೊಕ್ಯಾಸ್ಟಾನಮ್ ಎಂಬ ಕಾಡುಗಿಡದಿಂದ ಆರ್‌ಬಿ ಎಂಬ ವಂಶವಾಹಿಯನ್ನು ವಿಸ್ಕಾನ್ಸಿನ್ ತಂಡ ಬೇರ್ಪಡಿಸಿ 2003ರಲ್ಲಿ ಪ್ರಕಟಿಸಿತು. ಅದು ರೋಗವನ್ನು ಪೂರ್ತಿ ತಡೆಯುವುದಿಲ್ಲ, ಹರಡುವ ವೇಗವನ್ನು ಬಹಳ ಇಳಿಸುತ್ತದೆ. ಹೀಗೆ ಬೇರೆ ಗಿಡದ ವಂಶವಾಹಿ ಸೇರಿಸಿದ ಬೆಳೆ ನಮ್ಮಲ್ಲಿ ಕುಲಾಂತರಿ ಕಾನೂನಿಗೆ ಒಳಪಡುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಸಡಿಲಿಸಿದ್ದು ಹೊರಗಿನ ವಂಶವಾಹಿ ಇಲ್ಲದ, ಗಿಡದ ಸ್ವಂತ ವಂಶವಾಹಿಯನ್ನೇ ತಿದ್ದಿದ ಬೆಳೆಗಳಿಗೆ ಮಾತ್ರ. ಎರಡನ್ನೂ ಒಂದೇ ಎಂದು ಮಾರುವವರನ್ನು ನಂಬಬೇಡಿ.

ಸದ್ಯಕ್ಕೆ ಕೈಗೆ ಸಿಗುವ ದಾರಿ ಬೇರೆ. ಕುಫ್ರಿ ಜ್ಯೋತಿ ತಳಿ ಒಂದು ಕಾಲಕ್ಕೆ ಅಂಗಮಾರಿ ತಡೆಯುತ್ತಿತ್ತು, ಈಗ ಆ ಶಕ್ತಿ ಉಳಿದಿಲ್ಲ. ಕುಫ್ರಿ ಹಿಮಾಲಿನಿ ಇನ್ನೂ ತಡೆದುಕೊಳ್ಳುತ್ತದೆ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಅದರ ಬಿತ್ತನೆ ಗಡ್ಡೆ ಮತ್ತು ತುದಿ ಕಾಂಡದಿಂದ ಬೆಳೆಸಿದ ಸಸಿಗಳ ಬಗ್ಗೆ ವಿಚಾರಿಸಿ. ಮೊದಲ ವರ್ಷ ಐದು ಗುಂಟೆಯಲ್ಲಿ ಮಾತ್ರ ಹಾಕಿ, ಪಕ್ಕದಲ್ಲೇ ನಿಮ್ಮ ಹಳೆ ತಳಿಯ ಸಾಲುಗಳನ್ನು ಬಿಟ್ಟುಕೊಳ್ಳಿ.

ಹಕ್ಕಿಜ್ವರದ ವೈರಸ್ ಹಸುವಿನ ಹಾಲಿನಲ್ಲಿ ಸಿಕ್ಕಿ, ಬಿಸಿ ಮಾಡಿದರೂ ಸಾಯಲಿಲ್ಲ ಎಂದು ಓದಿದೆವು. ಮಕ್ಕಳಿಗೆ ಹಾಲು ಕೊಡಬಹುದೇ? – ಚನ್ನರಾಯಪಟ್ಟಣ

ಕೊಡಿ, ಕುದಿಸಿ ಕೊಡಿ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಸುಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ಪತ್ತೆಯಾಯಿತು. ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ವಿಜ್ಞಾನಿಗಳು ಸೋಂಕಿತ ಹಸುವಿನ ಹಾಲನ್ನು ಬಿಸಿಮಾಡಿ ನೋಡಿದ ಫಲಿತಾಂಶ ಪ್ರಕಟವಾಯಿತು. 63 ಡಿಗ್ರಿಯಲ್ಲಿ ಐದು ನಿಮಿಷಕ್ಕೇ ಜೀವಂತ ವೈರಸ್ ಸಿಗಲಿಲ್ಲ. 72 ಡಿಗ್ರಿಯಲ್ಲಿ 15–20 ಸೆಕೆಂಡು ಕಾಯಿಸಿದಾಗ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸುದ್ದಿಯಾದದ್ದು ಈ ಎರಡನೆಯ ವಾಕ್ಯ ಮಾತ್ರ. ಅದು ಪ್ರಯೋಗಾಲಯದ ಪುಟ್ಟ ಕೊಳವೆಯಲ್ಲಿ ಮಾಡಿದ್ದು, ಡೇರಿಯ ಪಾಶ್ಚರೀಕರಣ ಯಂತ್ರದಲ್ಲಲ್ಲ. ಅಂಗಡಿಯ ಹಾಲಿನ 297 ಮಾದರಿಗಳನ್ನು ಅಲ್ಲಿನ ಸರ್ಕಾರ ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸತ್ತ ವೈರಸ್ಸಿನ ತುಣುಕು ಸಿಕ್ಕವು, ಜೀವಂತ ವೈರಸ್ ಒಂದರಲ್ಲೂ ಇರಲಿಲ್ಲ.

ನಿಜಕ್ಕೂ ಎಚ್ಚರ ಬೇಕಾದದ್ದು ಹಸಿ ಹಾಲಿನ ಬಗ್ಗೆ. ಅದೇ ಹಸಿ ಹಾಲು ಕುಡಿಸಿದ ಇಲಿಗಳು ಕಾಯಿಲೆ ಬಿದ್ದವು. ಫ್ರಿಜ್ಜಿನ ತಂಪಿನಲ್ಲಿ ವೈರಸ್ ವಾರಗಟ್ಟಲೆ ಉಳಿಯಿತು. ನೊರೆಹಾಲು ಒಳ್ಳೆಯದೆಂದು ಮಕ್ಕಳಿಗೆ ಕೊಡುವ ರೂಢಿ ಬಿಡಿ; ಕಂದುರೋಗಕ್ಕೂ (ಬ್ರುಸೆಲ್ಲೋಸಿಸ್) ಅದೇ ದಾರಿ. ಹಾಲು ಉಕ್ಕಿ ಬಂದ ಮೇಲೆ ಉರಿ ತಗ್ಗಿಸಿ, ಕೈಯಾಡಿಸುತ್ತಾ ಎರಡು ನಿಮಿಷ ಕುದಿಸಿ. ಉಕ್ಕಿದ ಕೂಡಲೇ ಇಳಿಸಿದರೆ ಮೇಲೆ ನೊರೆ ಕಾಣುತ್ತದೆ, ದೊಡ್ಡ ಪಾತ್ರೆಯ ಎಲ್ಲ ಹಾಲಿಗೂ ಶಾಖ ತಲುಪಿರುವುದಿಲ್ಲ.

ಡೇರಿಯಲ್ಲಿ ನಮ್ಮ ಹಾಲಿನ ಫ್ಯಾಟ್ ಬೆಳಿಗ್ಗೆ ಒಂದು, ಸಂಜೆ ಒಂದು ಬರುತ್ತದೆ. ಯಂತ್ರ ಸರಿಯಿಲ್ಲವೇ? – ಬೇಲೂರು

ಫ್ಯಾಟ್ ನೋಡಿ ದುಡ್ಡು ಕೊಡುವ ಪದ್ಧತಿಗೆ ದಾರಿ ಮಾಡಿದ್ದರಲ್ಲಿ ಇದೇ ವಿಶ್ವವಿದ್ಯಾಲಯದ ಪಾಲು ದೊಡ್ಡದು. ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ತಮ್ಮ ಸರಳ ಪರೀಕ್ಷೆಯನ್ನು ಪೇಟೆಂಟ್ ಮಾಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೂ ಮುನ್ನ ತೂಕಕ್ಕೆ ಮಾತ್ರ ಬೆಲೆ. ನೀರು ಬೆರೆಸಿದವರಿಗೂ ಬೆರೆಸದವರಿಗೂ ಒಂದೇ ದರ. ನಮ್ಮಲ್ಲಿ ನಡೆದದ್ದು ಅದರ ಸೋದರ ಪದ್ಧತಿಯಾದ ಗರ್ಬರ್: 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಸೇರಿಸಿ ತಿರುಗಿಸುವುದು. ಆಮ್ಲ ಹೆಚ್ಚು ಗಟ್ಟಿಯಾದರೆ ಕೊಬ್ಬಿನ ಪಟ್ಟಿಯಲ್ಲಿ ಕಪ್ಪು ಚುಕ್ಕೆ, ಸಪ್ಪೆಯಾದರೆ ಬಿಳಿ ಕಣ. ಈಗಿನ ವಿಶ್ಲೇಷಕ ಯಂತ್ರವನ್ನು ಪರಿಶೀಲಿಸಲೂ ಈ ಪದ್ಧತಿಯೇ ಆಧಾರ. ಅನುಮಾನವಿದ್ದರೆ ಒಂದೇ ಮಾದರಿಯನ್ನು ಎರಡರಲ್ಲೂ ನೋಡಿಸಿ ಎಂದು ಕೇಳುವ ಹಕ್ಕು ನಿಮಗಿದೆ ಎಂದೇ ನಾವು ಭಾವಿಸುತ್ತೇವೆ.

ಆದರೆ ಬೆಳಿಗ್ಗೆ-ಸಂಜೆಯ ವ್ಯತ್ಯಾಸ ಯಂತ್ರದ್ದಾಗಿರಬೇಕಿಲ್ಲ. ಸಂಜೆಯಿಂದ ಬೆಳಿಗ್ಗೆಗೆ ಅಂತರ ಹೆಚ್ಚಾದಷ್ಟೂ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ಕರೆಯುವ ಅಂತರವನ್ನು 12 ಗಂಟೆಗೆ ಹತ್ತಿರ ತಂದರೆ ಏರಿಳಿತ ತಗ್ಗುತ್ತದೆ. ಮಾದರಿ ತೆಗೆಯುವ ಮುನ್ನ ಕ್ಯಾನಿನ ಹಾಲನ್ನು ತಳದಿಂದ ಕಲಕಿದ್ದಾರೆಯೇ ನೋಡಿ. ಮುಖ್ಯವಾಗಿ, ಕೆಚ್ಚಲಿನ ಮೊದಲ ಹಾಲು ತೆಳು, ಕೊನೆಯ ಹಾಲಿನಲ್ಲಿ ಕೊಬ್ಬು ಅದರ ಹಲವು ಪಟ್ಟು. ಕರೆದಾದ ಮೇಲೆ ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರೆ ಅತಿ ಗಟ್ಟಿಯಾದ ಪಾಲು ಡೇರಿಗೆ ಹೋಗುತ್ತಲೇ ಇಲ್ಲ. ಕರುವಿಗೆ ಒಂದು ಮೊಲೆಯನ್ನು ಮೊದಲಿನಿಂದ ಪೂರ್ತಿ ಬಿಟ್ಟು, ಉಳಿದ ಮೂರನ್ನು ಕೊನೆಯ ಹನಿಯವರೆಗೆ ಕರೆದು ಒಂದು ವಾರ ಫ್ಯಾಟ್ ಬರೆದಿಡಿ.